ಬಂದವರಿಗೆ

ಒಂದು ವರ್ಷದಿಂದ ಬಾಕಿ ಉಳಿದ ಬರಹ ಇದು. ನನ್ನ ಹೆಂಡತಿ ತೀರಿಹೋದ ಮೂರನೇ ವಾರಕ್ಕೇ ಬರೆಯಲು ಕೂತಿದ್ದೆ. ‘ಎಲ್ಲರಿಗೂ ಧನ್ಯವಾದ’ ಎಂದು ಒಂದು ಸಾಲು ಬರೆದು, ಅದನ್ನೇ ನೋಡುತ್ತ ಕೂತು, ಅಳಿಸಿಬಿಟ್ಟೆ. ಎಲ್ಲರಿಗೂ ಅಂದರೆ ಯಾರಿಗೂ ಹೇಳದ ಹಾಗೆ ಅನ್ನಿಸಿತು. ಮೊನ್ನೆ ವರ್ಷ ತುಂಬಿತು. ಇನ್ನೂ ತಡ ಮಾಡಿದರೆ ಅವಳ ಬೈಗುಳ ಕಿವಿಗೆ ಬೀಳುತ್ತದೆ. ಉಪಕಾರ ಪಡೆದು ಸುಮ್ಮನಿರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಇಲ್ಲಿ ಯಾರ ಹೆಸರೂ ಹಾಕುವುದಿಲ್ಲ. ಓದುತ್ತ ಹೋದರೆ ನಿಮ್ಮ ನಿಮ್ಮ ಸಾಲು ನಿಮಗೇ ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಸತ್ಯವೇದ, ಅಂದರೆ ಬೈಬಲ್, ಓದುವ ಮನುಷ್ಯನಾಗಿರಲಿಲ್ಲ. ಭಾನುವಾರ ಆರಾಧನೆಗೆ ಹೋಗುತ್ತಿದ್ದೆ, ಪ್ರಸಂಗದ ಹೊತ್ತಿಗೆ ಗಡಿಯಾರ ನೋಡುತ್ತಿದ್ದೆ, ಅಷ್ಟೆ. ನಮ್ಮ ಮನೆಯಲ್ಲಿ ಓದುವವಳು ಅವಳು. ಸಮಾಧಿಯ ಬಳಿ ಪಾಸ್ಟರ್ ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’ ಎಂದು ಓದಿದಾಗ ಆ ಮಾತು ನನ್ನ ಮೇಲೆ ಬಿದ್ದು ಜಾರಿಹೋಯಿತು. ನನ್ನ ಗಮನವೆಲ್ಲ ಮಗಳ ಚಪ್ಪಲಿಗೆ ಅಂಟಿದ್ದ ಮಣ್ಣಿನ ಮೇಲಿತ್ತು. ಆ ದಿನದ್ದು ಬೇರೇನೂ ನೆನಪಿಲ್ಲ.

ಹಾಗಿದ್ದವನನ್ನು ಓದುವ ಹಾಗೆ ಮಾಡಿದ್ದು ಸಭೆಯ ಒಬ್ಬರು ಅಜ್ಜಿ. ಪ್ರತಿ ಗುರುವಾರ ಸಂಜೆ ಬರುತ್ತಿದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತು, ಕನ್ನಡಕ ಒರೆಸಿಕೊಂಡು, ಸತ್ಯವೇದದ ಕೀರ್ತನೆಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ, ಎದ್ದು ಹೋಗುತ್ತಿದ್ದರು. ‘ಹೇಗಿದ್ದೀಯಪ್ಪಾ’ ಎಂದು ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸೋತಿದ್ದ ನನಗೆ ಅದೇ ದೊಡ್ಡ ಉಪಕಾರ. ಮೂರನೆಯದೋ ನಾಲ್ಕನೆಯದೋ ಗುರುವಾರ 23ನೇ ಕೀರ್ತನೆ ಓದಿದರು. ಹುಟ್ಟಿದಾಗಿನಿಂದ ಬಾಯಿಪಾಠ ಇರುವ ಕೀರ್ತನೆ. ಬಾಯಿಪಾಠ ಆದದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಆದರೆ ಅಜ್ಜಿ ಒಂದು ಕಡೆ ನಿಲ್ಲಿಸಿ, ಪುಸ್ತಕದಿಂದ ತಲೆ ಎತ್ತಿ, ‘ಇಲ್ಲಿ ನೋಡಿದ್ಯಾ, ಇಲ್ಲಿಂದ ಮಾತು ತಿರುಗುತ್ತೆ’ ಎಂದರು. ನಿಜ. ಹುಲ್ಲುಗಾವಲು, ನೀರು ಎಂದು ಹೇಳುವಷ್ಟು ಹೊತ್ತೂ ದೇವರು ‘ಆತನು’. ಕಾರ್ಗತ್ತಲಿನ ಕಣಿವೆಗೆ ಕಾಲಿಟ್ಟ ಕೂಡಲೇ ‘ನೀನು’. ‘ನೀನು ಹತ್ತಿರವಿರುತ್ತೀಯಲ್ಲಾ.’ ಸುಖದಲ್ಲಿದ್ದಾಗ ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರ ಜೊತೆಗೇ ಮಾತಾಡಲು ಶುರು ಮಾಡುತ್ತಾನೆ. ಅಜ್ಜಿ ಅಷ್ಟು ತೋರಿಸಿ, ಉಳಿದದ್ದನ್ನು ಓದಿ ಮುಗಿಸಿ ಹೋದರು. ನಾನು ಆ ರಾತ್ರಿ ಅವಳ ಸತ್ಯವೇದ ಕೈಗೆತ್ತಿಕೊಂಡೆ.

ಅವಳದ್ದು ಒಂದು ಕ್ರಮ ಇತ್ತು. ಮೊದಲ ಪುಸ್ತಕ ಆದಿಕಾಂಡದಿಂದ ಸಾಲಾಗಿ ಓದುವುದು. ಮುಗಿದ ಅಧ್ಯಾಯದ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಟಿಕ್ ಹಾಕುವುದು. ಹಾಳೆ ತಿರುವುತ್ತ ಹೋದೆ. ಕೊನೆಯ ಟಿಕ್ ಇದ್ದದ್ದು ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ, 6ನೇ ಅಧ್ಯಾಯ. ಆ ಪುಸ್ತಕ ಗೊತ್ತಿರುವವರು ಈಗ ನಗುತ್ತಿರುತ್ತೀರಿ. ಮೊದಲ 9 ಅಧ್ಯಾಯ ಪೂರ್ತಿ ವಂಶಾವಳಿ. ಇಂಥವನ ಮಗ ಇಂಥವನು, ಅವನ ಮಗ ಇಂಥವನು. 6ನೆಯದು ಲೇವಿಯ ಮನೆತನ, 81 ವಚನ. ದುಃಖದಲ್ಲಿರುವವನಿಗೆ ‘ಇದನ್ನು ಓದಪ್ಪಾ’ ಎಂದು ಯಾರೂ ಕೊಡುವ ಭಾಗವಲ್ಲ. ಕಾಯಿಲೆಯಲ್ಲಿ ಮಲಗಿಕೊಂಡು, ಕಣ್ಣು ಮಂಜಾಗುತ್ತಿದ್ದಾಗಲೂ ಇವಳು ಹಾರಿಸದೆ ಇಷ್ಟು ಹೆಸರು ಓದಿದ್ದಾಳಲ್ಲ ಎಂದು ಅಳುವ ಬದಲು ಸಿಟ್ಟೇ ಬಂತು. ಕೀರ್ತನೆಗಳಿಗೆ ಹಾರಬಹುದಿತ್ತು. ಸುವಾರ್ತೆ ಓದಬಹುದಿತ್ತು. ಇಲ್ಲ, ಕ್ರಮ ತಪ್ಪಬಾರದು!

ಸರಿ, ಅವಳು ಬಿಟ್ಟಲ್ಲಿಂದಲೇ ಹಿಡಿಯೋಣ ಎಂದು 7ನೇ ಅಧ್ಯಾಯ ಶುರು ಮಾಡಿದೆ. ಇಸ್ಸಾಕಾರ, ಬೆನ್ಯಾಮೀನ, ನಫ್ತಾಲಿ, ಮತ್ತೆ ಹೆಸರುಗಳು. ಎಫ್ರಾಯೀಮನ ಮಕ್ಕಳ ಪಟ್ಟಿಗೆ ಬಂದಾಗ, ಓಡುತ್ತಿದ್ದ ಪಟ್ಟಿ ಒಮ್ಮೆಲೇ ನಿಂತಿತು. ಅವನ ಇಬ್ಬರು ಮಕ್ಕಳನ್ನು ಗತ್ ಊರಿನವರು ಕೊಂದರು. ಸತ್ತವರು ಸಾಧುಗಳೇನಲ್ಲ, ಆ ಊರಿನವರ ದನ ಹೊಡೆದುಕೊಂಡು ಹೋಗಲು ಇಳಿದು ಬಂದವರು; ಸತ್ಯವೇದ ಅದನ್ನೂ ಮುಚ್ಚಿಡುವುದಿಲ್ಲ. ಅವರ ತಂದೆ ಎಫ್ರಾಯೀಮ ಬಹಳ ದಿನ ಗೋಳಾಡಿದ, ಅವನ ಸಹೋದರರು ಅವನನ್ನು ಸಂತೈಸಲು ಬಂದರು. ಇಷ್ಟೇ, 22ನೇ ವಚನ.

ಬಂದು ಏನು ಹೇಳಿದರು? ಅದು ಬರೆದಿಲ್ಲ. ಅವನಿಗೆ ಸಮಾಧಾನ ಆಯಿತೇ? ಅದೂ ಬರೆದಿಲ್ಲ. ತಲೆಮಾರು ತಲೆಮಾರಿನ ಹೆಸರುಗಳ ನಡುವೆ, ಬೇರೆ ವಿಷಯಕ್ಕೆ ಹೆಚ್ಚು ಜಾಗ ಕೊಡದೆ ಓಡುವ ಬರಹಗಾರನಿಗೆ, ಒಬ್ಬ ಅಪ್ಪ ಬಹಳ ದಿನ ಅತ್ತದ್ದು ಮತ್ತು ಅಣ್ಣತಮ್ಮಂದಿರು ಅವನ ಮನೆಗೆ ಬಂದದ್ದು ದಾಖಲೆಗೆ ಯೋಗ್ಯ ಅನ್ನಿಸಿದೆ. ಆ ವಚನವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ‘ಬಹಳ ದಿನ’ ಎಂಬ ಮಾತಿಗೆ ಮೊದಲು ಋಣಿ. ಆ ಹೊತ್ತಿಗೆ ಮೂರು ತಿಂಗಳಾಗಿತ್ತು. ‘ಇನ್ನು ಸಾಕು, ಗಟ್ಟಿಯಾಗಬೇಕು’ ಎನ್ನುವವರು ಶುರುವಾಗಿದ್ದರು. ಎರಡನೆಯದಾಗಿ ‘ಬಂದರು’ ಎಂಬ ಮಾತಿಗೆ.

ಅದರ ಮುಂದಿನ ಎರಡು ವಚನ ಮಗಳಿಗೆ ಓದಿ ಹೇಳಿದೆ. ಎಫ್ರಾಯೀಮನಿಗೆ ಶೇರ ಎಂಬ ಮಗಳೂ ಇದ್ದಳಂತೆ. ಕೆಳಗಣ ಬೇತ್‌ಹೋರೋನ್, ಮೇಲಣ ಬೇತ್‌ಹೋರೋನ್ ಎಂಬ ಊರುಗಳನ್ನು ಕಟ್ಟಿಸಿದವಳು ಅವಳೇ. ‘ನನ್ನ ರೂಮು ಗುಡಿಸೋಕೇ ಆಗ್ತಿಲ್ಲ, ಊರು ಎಲ್ಲಿಂದ ಕಟ್ಟಲಿ ಅಪ್ಪಾ’ ಎಂದು ನಕ್ಕಳು. ನಮ್ಮ ಮನೆಯಲ್ಲಿ ಅವತ್ತಿನವರೆಗೆ ನಗು ಕೇಳಿರಲಿಲ್ಲ.

ಈಗ ಬಂದವರ ಮಾತು. ಅಮ್ಮ ಹೋದ ಮೇಲೆ ಹತ್ತು ದಿನ ರಾತ್ರಿ ಮಗಳ ಜೊತೆ ಮಲಗಲು ಬಂದ ನನ್ನ ಅತ್ತಿಗೆ, ನಿಮಗೆ ಹೇಳುವುದಕ್ಕೆ ನನ್ನಲ್ಲಿ ಮಾತೇ ಇಲ್ಲ. ಕಚೇರಿಯ ಗೆಳೆಯ, ನೀನು ಕ್ರೈಸ್ತನಲ್ಲ, ನಮ್ಮ ಪ್ರಾರ್ಥನೆ ನಿನಗೆ ಗೊತ್ತಿಲ್ಲ. ಊಟದ ಬಿಡುವಿನಲ್ಲಿ ನನ್ನ ಎದುರು ಕೂತು, ನನ್ನ ಹಾಗೆಯೇ ಸುಮ್ಮನೆ ಉಂಡು ಎದ್ದು ಹೋದೆ, ವಾರಗಟ್ಟಲೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಪುಸ್ತಕಕ್ಕೆ ಬಂದಾಗ ನಿನ್ನ ನೆನಪಾಯಿತು. ಯೋಬನ ಮೂವರು ಸ್ನೇಹಿತರನ್ನು ಎಲ್ಲರೂ ಬೈಯುತ್ತಾರೆ. ಆದರೆ ಅವರು ಮೊದಲು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತಿದ್ದರು; ಅವನ ಸಂಕಟ ಕಂಡು ಒಬ್ಬನೂ ಬಾಯಿ ತೆರೆಯಲಿಲ್ಲ. ಕೆಟ್ಟದ್ದು ಬಾಯಿ ತೆರೆದ ಮೇಲೆ. ನೀನು ತೆರೆಯಲಿಲ್ಲ, ಮಾರಾಯ.

ಬಾಯಿ ತೆರೆದವರ ಬಗ್ಗೆಯೂ ಒಂದು ಮಾತು, ಸಿಟ್ಟಿನಿಂದಲ್ಲ. ‘ದೇವರಿಗೂ ಒಳ್ಳೆಯವರೇ ಬೇಕು’ ಎಂದವರಿಗೆ, ನಿಮ್ಮ ಮನಸ್ಸು ಒಳ್ಳೆಯದೇ, ಬಂದಿರಲ್ಲ, ಅಷ್ಟು ಸಾಕು. ‘ನಿರೀಕ್ಷೆ ಇರುವವರು ಅಳಬಾರದು’ ಎಂದು ಪೌಲ ಥೆಸಲೋನಿಕದವರಿಗೆ ಬರೆದ ಪತ್ರ ತೋರಿಸಿದ ಹಿರಿಯರೇ, ಆ ವಚನವನ್ನು ನಾನೂ ಹೋಗಿ ಓದಿದೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆ, ದುಃಖಿಸಲೇಬೇಡಿ ಎಂದಿಲ್ಲ. ಅದೇ ಪೌಲ ರೋಮಾದವರಿಗೆ ಬರೆಯುವಾಗ ‘ಅಳುವವರ ಸಂಗಡ ಅಳಿರಿ’ ಎನ್ನುತ್ತಾನೆ. ಜಗಳಕ್ಕೆ ಹೇಳುತ್ತಿಲ್ಲ. ಇನ್ನೊಂದು ಮನೆಗೆ ಹೋಗುವಾಗ ನೆನಪಿರಲಿ ಎಂದು.

ಪಾಸ್ಟರ್, ನಿಮಗೆ ಎರಡು ಕಾರಣಕ್ಕೆ ವಂದನೆ. ಒಮ್ಮೆ ನಾನು ‘ಪ್ರಾರ್ಥನೆ ಮಾಡಲು ಬಾಯಿ ಬರುತ್ತಿಲ್ಲ, ಬೈಯಬೇಕು ಅನ್ನಿಸುತ್ತೆ’ ಎಂದಾಗ ನೀವು ಗಾಬರಿಯಾಗದೆ 88ನೇ ಕೀರ್ತನೆ ತೆಗೆದು ಕೊಟ್ಟಿರಿ. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಎಲ್ಲೋ ಒಂದು ಕಡೆ ಬೆಳಕಿನತ್ತ ಹೊರಳುತ್ತವೆ. ಇದು ಹೊರಳುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಇದರ ಕಟ್ಟಕಡೆಯ ಪದವೇ ಕತ್ತಲೆ ಎಂದಿರಿ. 150 ಕೀರ್ತನೆಗಳಲ್ಲಿ ಇಂಥದ್ದೊಂದನ್ನೂ ಉಳಿಸಿಕೊಂಡಿದ್ದಾರೆ, ಹಾಡಿದ್ದಾರೆ ಅಂದರೆ, ನನ್ನ ಬೈಗುಳಕ್ಕೂ ದೇವರ ಮನೆಯಲ್ಲಿ ಒಂದು ಚಾಪೆಯಷ್ಟು ಜಾಗ ಇದೆ ಎಂದಾಯಿತು. ಎರಡನೆಯದು ಲಾಜರನ ಕಥೆ. ‘ಎರಡು ದಿನ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ’ ಎಂಬುದು ನಮ್ಮ ಮನೆಯ ಮಾತಾಗಿಬಿಟ್ಟಿತ್ತು. ನಾನು ಮಗಳಿಗೆ ಹೇಳುವುದು, ಮಗಳು ನನಗೆ ಹೇಳುವುದು. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ, ಸತ್ತ ಲಾಜರನ ಸಹೋದರಿ ಮಾರ್ಥ ಯೇಸುವಿನ ಬಳಿ ಬಂದು ‘ನೀನು ಇಲ್ಲಿ ಇದ್ದಿದ್ದರೆ’ ಎನ್ನುತ್ತಾಳೆ. ಆಮೇಲೆ ಮರಿಯ ಬಂದು ಅದೇ ಮಾತು ಹೇಳುತ್ತಾಳೆ. ಲಾಜರ ಸಮಾಧಿಯಲ್ಲಿ ನಾಲ್ಕು ದಿನ. ಆ ನಾಲ್ಕು ದಿನವೂ ಅಕ್ಕತಂಗಿಯರು ಮನೆಯೊಳಗೆ ಇದನ್ನೇ ಆಡಿಕೊಂಡಿರಬೇಕು ಎಂದಿರಿ. ಲಾಜರನ ಕಾಯಿಲೆಯ ಸುದ್ದಿ ಮುಟ್ಟಿದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ನಿಂತಿದ್ದನೆಂದು ಅದೇ ಅಧ್ಯಾಯದಲ್ಲಿದೆ. ಆ ಎರಡು ದಿನ ನನಗೆ ಇವತ್ತಿಗೂ ಅರಗಿಲ್ಲ. ಆದರೆ ಆ ‘ಇದ್ದಿದ್ದರೆ’ ಕೇಳಿ ಆತ ಅವರಿಬ್ಬರನ್ನೂ ಗದರಿಸಲಿಲ್ಲ. ‘ಯೇಸು ಕಣ್ಣೀರು ಬಿಟ್ಟನು’, ಮೂರೇ ಪದ.

ಕಾಗದಪತ್ರದ ಕೆಲಸಕ್ಕೆ ನನ್ನ ಜೊತೆ ಅಲೆದ ಭಾವಮೈದುನನಿಗೆ. ಮರಣ ಪತ್ರ, ಬ್ಯಾಂಕು, ವಿಮೆ, ಮತ್ತೆ ಅದೇ ಅರ್ಜಿ ಇನ್ನೊಂದು ನಮೂನೆಯಲ್ಲಿ. ಒಂದು ಕಿಟಕಿಯ ಹಿಂದೆ ಕೂತವರು ‘ಅವರೇ ಬಂದು ಸಹಿ ಮಾಡಬೇಕು’ ಎಂದಾಗ ನೀನು ನನ್ನ ಕೈ ಹಿಡಿದುಕೊಂಡು ಮಾತು ಮುಂದುವರಿಸಿದೆ. ಆದಿಕಾಂಡ 23 ಓದು, ಚಿಕ್ಕದು. ಸಾರಳು 127 ವರ್ಷ ಬದುಕಿ ಸಾಯುತ್ತಾಳೆ. ಅಬ್ರಹಾಮ ಅಳುವುದು ಒಂದೇ ವಚನ. ಆಮೇಲೆ ಅಧ್ಯಾಯ ತುಂಬ ವ್ಯವಹಾರ: ಹೆಣದ ಮುಂದಿನಿಂದ ಎದ್ದು ಹೋಗಿ ಹಿತ್ತಿಯರ ಮುಂದೆ ಬಾಗುತ್ತಾನೆ, ಹೆಂಡತಿಯನ್ನು ಹೂಳಲು ಎಫ್ರೋನನ ಹತ್ತಿರ ಗವಿಗೆ ಬೆಲೆ ಕೇಳುತ್ತಾನೆ, 400 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ, ಸಾಕ್ಷಿಗಳ ಮುಂದೆ ಹೊಲ, ಗವಿ, ಮರ ಎಲ್ಲ ಅವನ ಹೆಸರಿಗಾಗುತ್ತದೆ. ಸರದಿಯಲ್ಲಿ ನಿಂತು ಫೋಟೋ ಪ್ರತಿ ಎಣಿಸುತ್ತಿದ್ದಾಗ, ಹೆಂಡತಿ ಸತ್ತವನು ಮಾಡುವ ಕೆಲಸವೇ ಇದು ಎಂದು ನಾಚಿಕೊಂಡಿದ್ದೆ. ಅಬ್ರಹಾಮನೂ ಮಾಡಿದ್ದನಂತೆ. ಅವನಿಗೆ ಭಾವಮೈದುನ ಇದ್ದ ಹಾಗೆ ಕಾಣುವುದಿಲ್ಲ, ಪಾಪ.

ಈಗ ನಾನು 119ನೇ ಕೀರ್ತನೆಯಲ್ಲಿದ್ದೇನೆ. 176 ವಚನ, ಎರಡು ವಾರದಿಂದ ಅಲ್ಲೇ. ಅವಳ ಪೆನ್ಸಿಲ್ ಸಿಗಲಿಲ್ಲವಾದ್ದರಿಂದ ನನ್ನ ಟಿಕ್ ಪೆನ್ನಿನದು, ಹಿಂದಿನ ಹಾಳೆಗೂ ಇಳಿಯುತ್ತದೆ. ನೋಡಿದ್ದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ರಾತ್ರಿಗಳು ಎಲ್ಲವೂ ಸುಲಭವಾಗಿಲ್ಲ. ಗುರುವಾರದ ಅಜ್ಜಿಗೆ ಮಂಡಿ ನೋವು ಹೆಚ್ಚಾಗಿ ಈಗ ನಾನೇ ಅವರ ಮನೆಗೆ ಹೋಗುತ್ತೇನೆ; ಕನ್ನಡಕ ಅವರು ಒರೆಸುತ್ತಾರೆ, ಓದುವುದು ನಾನು.

ಕಡೆಗೆ ಒಂದು ಮನೆಯ ಸಂಗತಿ. ಆ ಮೊದಲ ತಿಂಗಳು ನೀವೆಲ್ಲ ಊಟ ತುಂಬಿ ತಂದ ಡಬ್ಬಿಗಳು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ತೊಳೆದು ಇಟ್ಟಿವೆ. ಡಬ್ಬಿ ಹನ್ನೊಂದು, ಮುಚ್ಚಳ ಒಂಬತ್ತು. ಯಾವುದು ಯಾರದೆಂದು ನನಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಬಂದು ನೋಡಿ ತೆಗೆದುಕೊಂಡು ಹೋಗಿ.