ರೇಡಿಯೋ ರಿಪೇರಿ ದರದ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಹಾಸನದ ಅಂಗಡಿಯಲ್ಲಿ ರೇಡಿಯೋ ಬಿಚ್ಚಿ ನೋಡುವುದಕ್ಕೆ 100 ರೂಪಾಯಿ ತೆಗೆದುಕೊಳ್ಳುತ್ತೇವೆ. ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಮಾಡಿಸದೆ ವಾಪಸ್ ಒಯ್ದರೆ ಮಾತ್ರ ಕೊಡಬೇಕಾಗುತ್ತದೆ. ಇಷ್ಟು ವರ್ಷ ಇದಕ್ಕೆ ಒಂದು ರೂಪಾಯಿ ಕೇಳಿದವರಲ್ಲ, ನಿಮಗೇ ಗೊತ್ತು. ಬೇಸರವಾದರೆ ದಯವಿಟ್ಟು ಕ್ಷಮಿಸಿ.

ದುಡ್ಡಿನ ಆಸೆಗೆ ಬಿದ್ದರು ಅಂತ ಕೆಲವರು ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು. ಅದು ನೋವಾಯಿತು. ಹಳೇ ಸೆಟ್ಟಿನ ಗ್ಯಾಂಗ್ ಕಂಡೆನ್ಸರ್, ಬ್ಯಾಂಡ್ ಸ್ವಿಚ್, ಐಎಫ್ ಕಾಯಿಲ್‌ನಂಥ ಬಿಡಿಭಾಗ ಈಗ ಹೊಸದಾಗಿ ಸಿಗುವುದೇ ಅಪರೂಪ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅಂಗಡಿ ಅಂಗಡಿ ಹುಡುಕಬೇಕು. ಅವತ್ತು ಇಲ್ಲಿ ಬಾಗಿಲು ಹಾಕಿರಬೇಕು, ಬಸ್ ಚಾರ್ಜು ಬೇರೆ. ಸಿಗದಿದ್ದರೆ ಕೆಟ್ಟ ಸೆಟ್ ಒಂದನ್ನು ಕೊಂಡು ಅದರ ಹೊಟ್ಟೆಯಿಂದ ತೆಗೆಯಬೇಕು. ಒಂದು ಸ್ವಿಚ್ಚಿಗೆ ಇಡೀ ಸೆಟ್ಟಿನ ದುಡ್ಡು! ಅದನ್ನು ಪೂರ್ತಿಯಾಗಿ ನಿಮ್ಮ ಬಿಲ್ಲಿಗೆ ನಾವು ಯಾವತ್ತೂ ಹಾಕಿಲ್ಲ. "ಒಂದು ಸೋಲ್ಡರ್ ಇಟ್ಟಿದ್ದಕ್ಕೆ ಇಷ್ಟಾ?" ಅನ್ನುತ್ತೀರಿ. ಸೋಲ್ಡರ್ ಇಡುವುದು ಒಂದು ನಿಮಿಷದ ಕೆಲಸ, ನಿಜ. ಎಲ್ಲಿ ಬಿಟ್ಟುಕೊಂಡಿದೆ ಅಂತ ಹುಡುಕುವುದಕ್ಕೆ ಕೆಲವು ಸಲ ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನಕ್ಕೇ ಈ 100 ರೂಪಾಯಿ.

ಇನ್ನೊಂದು ದೂರು. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯವರು ಪದೇ ಪದೇ ಹೇಳುವುದು: "ನಿಮ್ಮ ಅಂಗಡೀಲಿ ಹಾಡುತ್ತೆ, ನಮ್ಮ ಮನೇಲಿ ಹಾಡಲ್ಲ. ಮೊದಲೆಲ್ಲ ಎಲ್ಲಿಟ್ಟರೂ ಹಾಡ್ತಿತ್ತು." ಮೊದಲು ಹಾಡುತ್ತಿದ್ದದ್ದು ನಿಜವೇ. ಆದರೆ ಆಗ ನೀವು ಕೇಳುತ್ತಿದ್ದದ್ದು ಹಾಸನ ಸ್ಟೇಷನ್ ಅಲ್ಲ.

ಆಗ ನಮಗಿದ್ದದ್ದು 612 ಕಿಲೋಹರ್ಟ್ಸಿನ ಬೆಂಗಳೂರು ಸ್ಟೇಷನ್, 675 ಕಿಲೋಹರ್ಟ್ಸಿನ ಭದ್ರಾವತಿ ಸ್ಟೇಷನ್. ಎರಡೂ ಮೀಡಿಯಂ ವೇವ್. ಆ ಅಲೆ ಒಂದೊಂದೂ 400 ಮೀಟರಿಗಿಂತ ಉದ್ದ. ನೆಲ ಹಿಡಿದು, ಗುಡ್ಡ ಬಳಸಿಕೊಂಡು ಬರುತ್ತದೆ. ಜಿಲ್ಲೆಗೊಂದು ಸಣ್ಣ ಸ್ಟೇಷನ್ ಬೇಕು ಅನ್ನುವ ಯೋಚನೆಯಿಂದ ಆಕಾಶವಾಣಿ 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಮೊದಲ ಸ್ಥಳೀಯ ಕೇಂದ್ರ ತೆರೆಯಿತು. 90ರ ದಶಕದ ಶುರುವಿನಲ್ಲಿ ಅದು ನಮ್ಮ ಹಾಸನಕ್ಕೂ ಬಂತು. ಚಿತ್ರದುರ್ಗ, ಮಡಿಕೇರಿಗೂ ಬಂತು. ನಮ್ಮದು 102.2 ಮೆಗಾಹರ್ಟ್ಸ್, ಎಫ್‌ಎಂ. ಎಷ್ಟೋ ಮನೆಯ ಸೆಟ್ಟಿನಲ್ಲಿ ಆಗ ಎಫ್‌ಎಂ ಬ್ಯಾಂಡೇ ಇರಲಿಲ್ಲ. ಒಳಗೆ ಎಫ್‌ಎಂ ಕಿಟ್ ಕೂರಿಸಿಕೊಡಿ ಅಂತ ಸೆಟ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದವರು ನೀವೇ ಅಲ್ವಾ? ನಮ್ಮೂರಿನ ಮಾತು, ನಮ್ಮ ಕಡೆಯ ಹಾಡು ರೇಡಿಯೋದಲ್ಲಿ ಬರುತ್ತದೆ ಅಂತ ಎಷ್ಟು ಖುಷಿ ಇತ್ತು! ಆ ಖುಷಿಯಲ್ಲಿ ನಮ್ಮ ಕೈಯೂ ಇದೆ ಅನ್ನುವ ಹೆಮ್ಮೆ ನಮಗೆ ಇವತ್ತಿಗೂ ಇದೆ.

ಎಫ್‌ಎಂ ಅಲೆಯ ಉದ್ದ 3 ಮೀಟರ್ ಕೂಡ ಇಲ್ಲ. ಧ್ವನಿ ಸ್ವಚ್ಛ, ಆದರೆ ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಹೋಗುತ್ತದೆ. ಮಧ್ಯೆ ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿರುವ ಮನೆಗೆ ತಲುಪುವುದು ಕಷ್ಟ. ಹಾಸನದ ಬಯಲಿನಲ್ಲಿ ಆಂಟೆನಾ ಕಡ್ಡಿ ಎತ್ತದೆಯೇ ಹಾಡುವ ಸೆಟ್, ಕಣಿವೆಯ ತೋಟದ ಮನೆಯಲ್ಲಿ ಬರೀ ಗುಸುಗುಸು ಅನ್ನುತ್ತದೆ. ಇದು ಸೆಟ್ಟಿನ ದೋಷ ಅಲ್ಲ, ನಮ್ಮ ಕೆಲಸದ ದೋಷವೂ ಅಲ್ಲ.

ಹಾಗಂತ ಸುಮ್ನೆ ಕೂರಬೇಡಿ. ಆಂಟೆನಾ ಕಡ್ಡಿಯನ್ನು ಸುಮಾರು 73 ಸೆಂಟಿಮೀಟರ್ ಎಳೆಯಿರಿ, 102.2ಕ್ಕೆ ಅದೇ ಸರಿಯಾದ ಅಳತೆ. ತಗಡಿನ ಸೂರಿನ ಕೆಳಗೆ ಇಡಬೇಡಿ, ಕಿಟಕಿ ಹತ್ತಿರ ಇಟ್ಟು ಕಡ್ಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾಡಿನ ಮೇಲೆ ಕಟ್ಟುವ ವೈರ್ ಆಂಟೆನಾ ಮಾಡಿಕೊಡುತ್ತೇವೆ. ವೈರಿನ ದುಡ್ಡು ಕೊಟ್ಟರೆ ಸಾಕು, ಮಜೂರಿ ಬೇಡ. ಮೀಡಿಯಂ ವೇವ್ ಹಾಕಿದರೆ ಗೊರಗೊರ ಸದ್ದು ಬರುತ್ತದೆ ಅನ್ನುವವರು ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆಫ್ ಮಾಡಿ ಕೇಳಿ. ಬಹಳ ಸಲ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ. ಇವಿಷ್ಟನ್ನು ಮನೆಯಲ್ಲೇ ನೋಡಿಕೊಂಡರೆ ನಿಮಗೆ ಬಸ್ ಚಾರ್ಜೂ ಉಳಿಯುತ್ತದೆ, 100 ರೂಪಾಯಿಯೂ ಉಳಿಯುತ್ತದೆ.

ಹೊಸ ಸೆಟ್ಟೇ ಕಡಿಮೆಗೆ ಸಿಗುತ್ತದಲ್ಲ ಅಂತ ಕೇಳುವವರಿಗೆ ಇಷ್ಟೇ: ಬೇಕಾದರೆ ಕೊಳ್ಳಿ, ನಾವೂ ಮಾರುತ್ತೇವೆ. ಅಪ್ಪನ ಕಾಲದ ಸೆಟ್ ಹಾಡಬೇಕು ಅಂತ ಬರುವವರಿಗಾಗಿ ಈ ರಿಪೇರಿ ಮೇಜು ಇಟ್ಟುಕೊಂಡಿದ್ದೇವೆ. ಅದನ್ನು ತೆಗೆಯುವುದಿಲ್ಲ.

ಈಗಾಗಲೇ ಸೆಟ್ ಬಿಟ್ಟು ಹೋಗಿರುವವರಿಗೆ ಹೊಸ ನಿಯಮ ಇಲ್ಲ, ಹಳೇ ಚೀಟಿಯ ಮಾತೇ ನಡೆಯುತ್ತದೆ. ಕಣ್ಣು ಕಾಣದವರು, ಒಂಟಿಯಾಗಿರುವ ಹಿರಿಯರು ತಂದ ರೇಡಿಯೋಗೆ ನೋಡುವ ದುಡ್ಡು ಮುಂದೆಯೂ ತೆಗೆದುಕೊಳ್ಳುವುದಿಲ್ಲ. ಬರುವಾಗ ಸೆಲ್ ತೆಗೆದಿಟ್ಟು ತನ್ನಿ, ದಾರಿಯಲ್ಲಿ ಸೋರಿದರೆ ಒಳಗಿನ ಲೋಹದ ಪಟ್ಟಿ ಹಾಳಾಗುತ್ತದೆ.

ಇಂತಿ ನಿಮ್ಮ,
ರೇಡಿಯೋ ಅಂಗಡಿಯವರು, ಹಾಸನ