ಅಮ್ಮನ ಮನೆ ಸಾಗಿಸಿದಿರಿ, ಅಮ್ಮನನ್ನು ಕೇಳಲಿಲ್ಲ

ಇವರಿಗೆ,
ಗ್ರಾಹಕ ವಿಭಾಗದ ಮುಖ್ಯಸ್ಥರು,
ಹಿರಿಯರ ಮನೆ ಬದಲಾವಣೆ ಸೇವೆ

ವಿಷಯ: ಸ್ಟಿಕ್ಕರ್ ಇಲ್ಲದ ವಸ್ತುಗಳನ್ನು ಕೇಳದೆ ವಿಲೇವಾರಿ ಮಾಡಿದ್ದು, ಔಷಧದ ಚೀಲವನ್ನು ಲಾರಿಗೆ ಹಾಕಿದ್ದು, ಮಲಗುವ ಕೋಣೆಯನ್ನು ಒಪ್ಪಿದಂತೆ ಜೋಡಿಸದೆ ಇದ್ದದ್ದು

ಮಾನ್ಯರೇ,

ಕಳೆದ ತಿಂಗಳ 18ರಂದು ನಿಮ್ಮ ತಂಡ ನಮ್ಮ ಅಮ್ಮನ ಸಾಮಾನನ್ನು ಹೊಸ ಮನೆಗೆ ಸಾಗಿಸಿತು. ಅಮ್ಮನಿಗೆ 79 ವರ್ಷ. 41 ವರ್ಷ ಇದ್ದ ದೊಡ್ಡ ಮನೆ ಬಿಟ್ಟು ಒಂದೇ ಮಲಗುವ ಕೋಣೆಯ ಮನೆಗೆ ಬಂದಿದ್ದಾರೆ. ಅವತ್ತು ಆದದ್ದರ ಬಗ್ಗೆ ನಿಮ್ಮ ಕಚೇರಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ "ಏನಾದರೂ ಒಡೆದಿದೆಯಾ ಮೇಡಂ?" ಅಂತ ಕೇಳಿದರು. ಇಲ್ಲ, ಒಂದು ಲೋಟವೂ ಒಡೆದಿಲ್ಲ. ಒಡೆಯದ ಮೇಲೆ ದೂರು ಬರೆದುಕೊಳ್ಳಲು ಆಗಲ್ಲ ಅಂದರು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಚೆನ್ನಾಗಿ ನಡೆದದ್ದನ್ನು ಹೇಳಬೇಕು. ಶುರುವಿಗೆ ನಿಮ್ಮ ಕಡೆಯಿಂದ ಬಂದ ಸಂಯೋಜಕಿ ಕೆಲಸ ಬಲ್ಲವರು. ಅಮ್ಮನ ಪಕ್ಕದಲ್ಲಿ ಕೂತರು. ಅಮ್ಮನಿಗೆ ಎಡಗಿವಿ ಸ್ವಲ್ಪ ಮಂದ ಅಂತ ಅವರಿಗೆ ತಾನೇ ಗೊತ್ತಾಯಿತು, ಎದ್ದು ಬಲಕ್ಕೆ ಬಂದು ಕೂತರು. ಸ್ಟೋರ್ ರೂಮಿನಿಂದ ಶುರು ಮಾಡೋಣ, ಫೋಟೋ ಮತ್ತು ಕಾಗದ ಪತ್ರ ಕೊನೆಗಿರಲಿ ಅಂದರು. ಮನಸ್ಸಿಗೆ ಹತ್ತಿರದ ವಸ್ತುವನ್ನು ಮೊದಲೇ ಕೈಗೆತ್ತಿಕೊಂಡರೆ ಅಲ್ಲೇ ದಿನ ಮುಗಿದುಹೋಗುತ್ತದೆ. ಒಂದು ಸಲಕ್ಕೆ ಎರಡು ಗಂಟೆಗಿಂತ ಜಾಸ್ತಿ ಬೇಡ ಅಂದರು, ಅದೂ ಸರಿ. ಇಟ್ಟುಕೊಳ್ಳಲೋ ಬಿಡಲೋ ಅಂತ ನೂರು ಸಲ ತೀರ್ಮಾನ ಮಾಡಿದರೆ ಯಾರಿಗಾದರೂ ತಲೆ ಸೋಲುತ್ತದೆ.

ಮೂರು ಬಣ್ಣದ ಸ್ಟಿಕ್ಕರ್ ಕೊಟ್ಟರು. ಹಸಿರು ಹಚ್ಚಿದ್ದು ಹೊಸ ಮನೆಗೆ, ಹಳದಿ ಹಚ್ಚಿದ್ದು ಮಕ್ಕಳಿಗೆ, ಕೆಂಪು ಹಚ್ಚಿದ್ದು ದಾನಕ್ಕೆ ಅಥವಾ ಗುಜರಿಗೆ. "ಸ್ಟಿಕ್ಕರ್ ಇಲ್ಲದ್ದನ್ನು ನಾವು ಮುಟ್ಟುವುದಿಲ್ಲ" ಅಂತ ಒಪ್ಪಂದದ ಕೆಳಗೆ ಕೈಯಿಂದಲೇ ಬರೆದುಕೊಟ್ಟರು.

ಅಮ್ಮ ಮೂರು ವಾರ ಸ್ಟಿಕ್ಕರ್ ಹಚ್ಚಿದರು. ಯಾರೂ ಸಹಾಯ ಮಾಡಬೇಡಿ ಅಂದರು. ದೊಡ್ಡ ಊಟದ ಮೇಜಿಗೆ ಕೆಂಪು ಹಚ್ಚಿದ ದಿನ ರಾತ್ರಿ ನನಗೆ ಫೋನ್ ಮಾಡಿ, "ಹಚ್ಚಿಬಿಟ್ಟೆ ಕಣೆ, ಇನ್ನು ಸುಲಭ" ಅಂದರು. ಕೊನೆಗೆ ಒಂದೇ ಒಂದು ಮೂಲೆ ಕಪಾಟು ಉಳಿಯಿತು. ಅದಕ್ಕೆ ಯಾವ ಬಣ್ಣವನ್ನೂ ಹಚ್ಚಲಿಲ್ಲ. ಹೊಸ ಮನೆಗೆ ಹೋಗಿ ಜಾಗ ನೋಡಿ ತೀರ್ಮಾನ ಮಾಡ್ತೀನಿ ಅಂದರು.

ಸಾಗಿಸುವ ದಿನ ಆ ಸಂಯೋಜಕಿ ಬರಲಿಲ್ಲ. ಬೇರೆ ಐದು ಜನ ಮೂರು ಗಂಟೆ ತಡವಾಗಿ ಬಂದರು. ಅವರ ಮೇಲ್ವಿಚಾರಕನ ಕೈಯಲ್ಲಿ ವಿಳಾಸದ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ನೀವು ತೆಗೆದುಕೊಂಡು ಹೋಗಿದ್ದ ಹಳೇ ಕೋಣೆಯ ಫೋಟೋಗಳೂ ಇಲ್ಲ, ಅಳತೆಯ ಹಾಳೆಯೂ ಇಲ್ಲ. ನಾನು ಹೊಸ ಮನೆಯಲ್ಲಿ ಸಾಮಾನು ಇಳಿಸಿಕೊಳ್ಳಲು ಕಾಯುತ್ತಿದ್ದೆ. ಆತ ಅಲ್ಲಿಂದ ನನಗೆ ಫೋನ್ ಮಾಡಿ, "ಮೂಲೆ ಕಪಾಟಿನಲ್ಲಿ ಹಳೇ ಪುಸ್ತಕ ಇದೆ, ಬೇಡ ಅಲ್ವಾ ಮೇಡಂ?" ಅಂತ ಕೇಳಿದರು. ಅಮ್ಮನನ್ನ ಕೇಳಿ ಅಂದೆ. "ಅವರು ಸುಮ್ನೆ ಕೂತಿದ್ದಾರೆ ಮೇಡಂ, ನೀವೇ ಹೇಳಿ" ಅಂದರು. ಅಮ್ಮನ ಕೈಗೆ ಫೋನ್ ಕೊಡಿ ಅಂದೆ. ಫೋನ್ ಕಟ್ ಆಯಿತು. ಮತ್ತೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ.

ಅಮ್ಮ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಕಪಾಟಿನಲ್ಲಿದ್ದದ್ದು ಎರಡು ರಟ್ಟಿನ ಡಬ್ಬಕ್ಕೆ ತುಂಬಿ ಕೆಂಪು ಸ್ಟಿಕ್ಕರಿನ ಗಾಡಿಗೆ ಹೋಗುವುದನ್ನು ನೋಡಿದರು. "ಅದು ಬೇಕಪ್ಪಾ" ಅಂದರು. "ಅಜ್ಜಿ, ಹೊಸ ಮನೇಲಿ ಅದಕ್ಕೆಲ್ಲ ಜಾಗ ಇಲ್ಲ" ಅಂತ ಒಬ್ಬ ಹುಡುಗ ಹೇಳಿ ಮುಂದೆ ಹೋದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬೇಗ ಮುಗಿಸು ಅಂದಿದ್ದಾರೆ, ಮುಗಿಸಿದ್ದಾನೆ. ಯಾರ ಮಾತು ಕೇಳಬೇಕು ಅಂತ ಅವನಿಗೆ ನೀವು ಹೇಳಿಕೊಟ್ಟಿಲ್ಲ.

ಆ ಡಬ್ಬಗಳಲ್ಲಿ ಏನಿತ್ತು ಅಂತ ನಿಮಗೆ ತಿಳಿದಿರಬೇಕು. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬಂದ ಪ್ರತಿ ರೇಡಿಯೋ ಯಾರದು, ಏನು ಕೆಟ್ಟಿತ್ತು, ಯಾವ ಭಾಗ ಬದಲಾಯಿಸಿದರು, ಎಲ್ಲವನ್ನೂ ಬರೆದಿಟ್ಟ 14 ನೋಟ್ ಪುಸ್ತಕಗಳು ಅವು. ಬರೆದದ್ದು ಅಪ್ಪ ಅಲ್ಲ, ಅಮ್ಮ. ಅಪ್ಪ ಕೆಲಸ ಮಾಡುತ್ತಾ ಹೇಳುತ್ತಿದ್ದರು, ಅಮ್ಮ ಪಕ್ಕದಲ್ಲಿ ಕೂತು ಬರೆಯುತ್ತಿದ್ದರು. ಅಪ್ಪ ಹೋಗಿ ಆರು ವರ್ಷವಾಯಿತು. ಆ ಪುಸ್ತಕ ಅಪ್ಪನ ನೆನಪು ಅಂತ ನಾನೂ ಅಂದುಕೊಂಡಿದ್ದೆ. ಈಗ ಅವು ಹೋದ ಮೇಲೆ ಅಮ್ಮ ಹೇಳಿದರು, "ಅದು ನಾನು ಮಾಡಿದ ಕೆಲಸ." ಅದೇ ಡಬ್ಬದಲ್ಲಿ ಅವರ ಹೊಲಿಗೆ ಕತ್ತರಿ ಮತ್ತು ಒಂದು ಗುಂಡಿ ಡಬ್ಬಿಯೂ ಇತ್ತು.

ಔಷಧದ ವಿಷಯ. ಔಷಧದ ಚೀಲ ಲಾರಿಗೆ ಹೋಗಬಾರದು, ಅಮ್ಮನ ಮಡಿಲಲ್ಲೇ ಇರಬೇಕು ಅಂತ ಸಂಯೋಜಕಿ ಹೇಳಿದ್ದರು. ಅದನ್ನೂ ಕಟ್ಟಿಬಿಟ್ಟರು. "ಇತರೆ" ಅಂತ ಬರೆದ ಡಬ್ಬಗಳೇ 23 ಇದ್ದವು. ಬರೆದದ್ದು ಡಬ್ಬದ ಮೇಲ್ಭಾಗದಲ್ಲಿ ಮಾತ್ರ. ಒಂದರ ಮೇಲೊಂದು ಪೇರಿಸಿದ ಮೇಲೆ ಒಂದೂ ಕಾಣಲಿಲ್ಲ. ಬದಿಗೆ ಬರೆದಿದ್ದರೆ ಸಾಕಿತ್ತು. ರಾತ್ರಿ ಹನ್ನೊಂದೂವರೆಗೆ, 17ನೇ ಡಬ್ಬ ಬಿಚ್ಚಿದಾಗ ಚೀಲ ಸಿಕ್ಕಿತು. ಅಮ್ಮನಿಗೆ ಗ್ಲಾಕೋಮಾ ಇದೆ. ರಾತ್ರಿ ಹಾಕುವ ಕಣ್ಣಿನ ಹನಿ ತಪ್ಪಬಾರದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಅವರು ಬಳಸುವ ಹನಿಯ ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಎರಡು ಹೊಸ ಬಾಟಲಿ ಮುಚ್ಚಿದ ಲಾರಿಯ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದವು. ಎರಡನ್ನೂ ಎಸೆದು ಬೇರೆ ತಂದೆವು.

ಇನ್ನು ಮಂಚ. ಹಳೇ ಮನೆಯಲ್ಲಿ ಅಮ್ಮ ಮಂಚದ ಎಡಗಡೆಯಿಂದ ಇಳಿಯುತ್ತಿದ್ದರು. ಬಚ್ಚಲುಮನೆ ಎಡಕ್ಕಿತ್ತು. ರಾತ್ರಿ ಎರಡು ಸಲ ಏಳುತ್ತಾರೆ, ದೀಪ ಹಾಕುವುದಿಲ್ಲ. ಆ ದಾರಿ ಅವರ ಕಾಲಿಗೆ ಗೊತ್ತಿತ್ತು. ಹೊಸ ಕೋಣೆಯಲ್ಲೂ ಹಾಗೇ ಜೋಡಿಸುತ್ತೇವೆ ಅಂತಲೇ ನೀವು ಫೋಟೋ ತೆಗೆದುಕೊಂಡು ಹೋಗಿದ್ದು. ನಿಮ್ಮ ಸೇವೆಯಲ್ಲಿ ನನಗೆ ತುಂಬ ಇಷ್ಟವಾಗಿದ್ದೂ ಅದೇ. ಆದರೆ ಮಂಚದ ಎಡಬದಿಯನ್ನು ಗೋಡೆಗೆ ಒತ್ತಿ ಇಟ್ಟರು. ಬಲಗಡೆ ಬೀರು ನಿಲ್ಲಿಸಿದರು. ನಡುವೆ ಉಳಿದದ್ದು ಒಂದೂವರೆ ಅಡಿ. ವಾಕರ್ ಹಿಡಿದು ಆರಾಮಾಗಿ ಹೋಗಲು ಸುಮಾರು 3 ಅಡಿ ದಾರಿ ಬೇಕು. ಮೂರನೇ ರಾತ್ರಿ ಅಮ್ಮ ಬೀರುವಿನ ಮೂಲೆಗೆ ಮೊಣಕಾಲು ಹೊಡೆದುಕೊಂಡರು. ಮಂಚದ ಅಂಚು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಬಿದ್ದು ಸಾಯುವವರು ಪ್ರಪಂಚದಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 60 ದಾಟಿದವರೇ ಜಾಸ್ತಿ. ಬೀರುವನ್ನು ಎಲ್ಲಿ ಇಡಬೇಕು ಅನ್ನುವುದು ಅಂದಚಂದದ ಪ್ರಶ್ನೆ ಅಲ್ಲ.

ನಾನು ನರ್ಸ್. ವಯಸ್ಸಾದವರು ಇದ್ದ ಜಾಗ ಬಿಟ್ಟು ಬಂದ ಮೇಲೆ ಏನಾಗುತ್ತದೆ ಅಂತ ವಾರ್ಡಿನಲ್ಲಿ ನೋಡಿದ್ದೇನೆ. ನಿದ್ದೆ ಕೆಡುತ್ತದೆ, ಊಟ ಕಡಿಮೆಯಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಕೆಲವರಿಗೆ ದಿಕ್ಕೇ ತೋಚುವುದಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ ರಿಲೊಕೇಶನ್ ಸ್ಟ್ರೆಸ್ ಸಿಂಡ್ರೋಮ್ ಅನ್ನುತ್ತೇವೆ. 1992ರಲ್ಲೇ ನರ್ಸಿಂಗ್ ರೋಗನಿರ್ಣಯಗಳ ಪಟ್ಟಿಗೆ ಅದು ಸೇರಿದೆ. ಅದನ್ನು ತಗ್ಗಿಸುವ ದಾರಿಗಳಲ್ಲಿ ಮುಖ್ಯವಾದದ್ದು, ತೀರ್ಮಾನ ಅವರ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಅಧ್ಯಯನ ಮಾಡಿದರು. ಒಂದು ಮಹಡಿಯವರಿಗೆ, ಕೋಣೆಯ ಸಾಮಾನು ಹೇಗಿರಬೇಕು ಅನ್ನುವುದು ನಿಮ್ಮ ತೀರ್ಮಾನ ಅಂದರು. ಒಂದು ಗಿಡ ಆರಿಸಿಕೊಂಡು ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ಎಲ್ಲ ಸಿಬ್ಬಂದಿ ನೋಡಿಕೊಳ್ಳುತ್ತಾರೆ ಅಂದರು. ಮೂರು ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಖುಷಿಯಾಗಿದ್ದರು. ಕೋಣೆ ಹೇಗಿರಬೇಕು ಅಂತ ಹೇಳುವ ಅಷ್ಟೇ ಅಷ್ಟು ಹಕ್ಕು ಇಷ್ಟು ಕೆಲಸ ಮಾಡುತ್ತದೆ. ಅಮ್ಮನಿಂದ ನೀವು ಕಿತ್ತುಕೊಂಡದ್ದು ಅದನ್ನೇ.

ಮೂರು ವಾರ ಸ್ಟಿಕ್ಕರ್ ಹಚ್ಚಿದಾಗ ಅಮ್ಮ ಅಳಲಿಲ್ಲ. ನಿಮ್ಮ ತಂಡ ಹೋದ ಮೇಲೆ ಅಮ್ಮ ಎರಡು ದಿನ ಡಬ್ಬ ಬಿಚ್ಚಲು ಬರಲೇ ಇಲ್ಲ. ಇದು ಎಲ್ಲಿಡಲಿ ಅಮ್ಮ ಅಂದರೆ, "ಎಲ್ಲಾದರೂ ಇಡು, ನನ್ನನ್ನೇನು ಕೇಳ್ತೀಯ" ಅಂದರು. ನನ್ನ ಜೊತೆ ಅವರು ಯಾವತ್ತೂ ಹೀಗೆ ಮಾತಾಡಿದವರಲ್ಲ.

ಒಪ್ಪಂದಕ್ಕೆ ಸಹಿ ಹಾಕಿದ್ದು ನಾನು. ನಿಮ್ಮ ನಮೂನೆಯಲ್ಲಿ "ಗ್ರಾಹಕರು" ಅಂತ ಇದ್ದ ಜಾಗದಲ್ಲಿ ನನ್ನ ಹೆಸರು ಬರೆದೆ, ಅಮ್ಮನ ಹೆಸರಿಗೆ ಅಲ್ಲಿ ಸಾಲೇ ಇರಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ, ಅದು ನನ್ನ ತಪ್ಪು. ಆದರೆ ಹಿರಿಯರ ಮನೆ ಬದಲಾವಣೆಯನ್ನೇ ಕೆಲಸವಾಗಿ ಮಾಡುವ ನಿಮಗೆ ಅದು ಹೊಳೆಯಬೇಕಿತ್ತು. ಹಣ ಕೊಟ್ಟವರ ಮಾತು ಕೇಳಿದಿರಿ. ಮನೆ ಬಿಟ್ಟು ಬಂದವರು ಅಮ್ಮ.

ನಮಗೆ ಬೇಕಾದದ್ದು ಇಷ್ಟು. ಮೊದಲನೆಯದಾಗಿ ಆ ಎರಡು ಡಬ್ಬ. ಕೆಂಪು ಸ್ಟಿಕ್ಕರಿನ ಗಾಡಿ ಎಲ್ಲಿಗೆ ಹೋಯಿತು, ಯಾರಿಗೆ ಇಳಿಸಿತು, ಯಾರು ಸಹಿ ಹಾಕಿ ಪಡೆದರು ಅನ್ನುವುದು ನಿಮ್ಮ ದಾಖಲೆಯಲ್ಲಿ ಇರಲೇಬೇಕು. ಏಳು ದಿನದೊಳಗೆ ಆ ವಿವರ ಕೊಡಿ. ಹಳೇ ಕಾಗದ ಅಂತ ಯಾರಿಗಾದರೂ ಕೊಟ್ಟಿದ್ದರೆ ಈಗಲೇ ಹೋಗಿ ಕೇಳಿ, ನಾಳೆಗೆ ಬಿಡಬೇಡಿ. ನಾನೇ ಬಂದು ಹುಡುಕಲು ತಯಾರಿದ್ದೇನೆ. 14ರಲ್ಲಿ ಒಂದು ಸಿಕ್ಕಿದರೂ ಸಾಕು.

ಮಂಚ ಮತ್ತು ಬೀರುವನ್ನು ನಾನು, ತಮ್ಮ ಸೇರಿ ತಿರುಗಿಸಿದ್ದೇವೆ, ಅದಕ್ಕೆ ಯಾರೂ ಬರುವುದು ಬೇಡ. ಆದರೆ ಹಳೇ ಕೋಣೆಯಂತೆ ಜೋಡಿಸಲು ನೀವು ಪಡೆದ ಹಣವನ್ನು ವಾಪಸ್ ಮಾಡಬೇಕು, ಹಾಳಾದ ಔಷಧದ ಹಣವನ್ನೂ ಕೊಡಬೇಕು. ಲಾರಿಯ ಬಾಡಿಗೆ ನಾನು ಕೇಳುತ್ತಿಲ್ಲ, ಆ ಕೆಲಸ ಆಗಿದೆ. ನಿಮ್ಮ ನಮೂನೆಯಲ್ಲಿ ಮನೆ ಬದಲಾಯಿಸುವ ಹಿರಿಯರ ಸಹಿಗೆ ಒಂದು ಸಾಲು ಸೇರಿಸಿ. ಮೊದಲ ದಿನ ಮಾತಾಡಿದ ಸಂಯೋಜಕಿ ಸಾಗಿಸುವ ದಿನವೂ ಇರಬೇಕು. ಬರಲು ಆಗದಿದ್ದರೆ ದಿನವನ್ನು ಮುಂದಕ್ಕೆ ಹಾಕಿ. ನಮ್ಮನ್ನು ಕೇಳಿದ್ದರೆ ಖಂಡಿತ ಒಪ್ಪುತ್ತಿದ್ದೆವು. ಅಮ್ಮ 41 ವರ್ಷ ಇದ್ದ ಮನೆಯಲ್ಲಿ ಇನ್ನೆರಡು ದಿನ ಇರುತ್ತಿದ್ದರು, ಅಷ್ಟೇ ಅಲ್ವಾ?

ಕ್ಷಮೆ ಕೇಳುವುದಿದ್ದರೆ ನನ್ನನ್ನು ಕೇಳಬೇಡಿ. ಅಮ್ಮನ ಹೆಸರಿಗೆ ಪತ್ರ ಬರೆಯಿರಿ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಸಣ್ಣ ಅಕ್ಷರ ಓದಲು ಅವರಿಗೆ ಕಷ್ಟ. ಯಾರಾದರೂ ಖುದ್ದಾಗಿ ಬರುವುದಾದರೆ ಆ ಸಂಯೋಜಕಿಯನ್ನೇ ಕಳಿಸಿ. ಅಮ್ಮ ಅವರನ್ನು ಈಗಲೂ ನೆನೆಯುತ್ತಾರೆ. ಸಂಜೆ 4ರ ನಂತರ ಬರಲಿ, ಬಲಗಡೆ ಕೂತು ಮಾತಾಡಲಿ.

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದರು. ಪುಸ್ತಕ 12 ಅಂತ ಬರೆದಿದ್ದೆ, 14 ಅಂದರು. ಹುಡುಗನನ್ನು ಬೈದು ಬರೆದಿದ್ದೆ, ತೆಗೆಸಿದರು. ಅವರ ಸಹಿ ಮೊದಲು ಇದೆ, ನನ್ನದು ಕೆಳಗೆ.

ಇಂತಿ,
ನಿಮ್ಮ ಗ್ರಾಹಕರು (ಸಹಿ)
ಅವರ ಮಗಳು (ಸಹಿ)

ಲಗತ್ತು: ಒಪ್ಪಂದದ ಪ್ರತಿ, ಕೈಬರಹದ ಷರತ್ತು ಇರುವ ಪುಟ ಸೇರಿ. ಹಳೇ ಕೋಣೆ ಮತ್ತು ಹೊಸ ಕೋಣೆಯ ಫೋಟೋ. ಔಷಧದ ರಸೀದಿ.