ನಗುವಿಗೆ ಜೊತೆ ಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದವರು ಮಾತ್ರ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ. ಫೋನಿನಲ್ಲಿ ಬಿಪಿ, ಶುಗರ್ ವಿಚಾರಿಸುತ್ತೇವೆ. ಮನಸಾರೆ ನಕ್ಕು ಎಷ್ಟು ದಿನವಾಯಿತೆಂದು ಯಾರೂ ಕೇಳುವುದಿಲ್ಲ.

ಹೊಟ್ಟೆ ಹುಣ್ಣಾಗುವಂತೆ ನಕ್ಕಾಗ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು), ಹೊಟ್ಟೆಯ ಸ್ನಾಯುಗಳು ದುಡಿಯುತ್ತವೆ, ಆಮೇಲೆ ಮೈ ಸಡಿಲಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಕ್ಕವರ ನೋವು ತಾಳುವ ಶಕ್ತಿ ಹೆಚ್ಚಿದ್ದು ಕಂಡುಬಂತು. ಮೆದುಳಿನಲ್ಲಿ ಬಿಡುಗಡೆಯಾಗುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣವಿರಬೇಕೆಂದು ಅವರ ವಿವರಣೆ. ನಗು ಔಷಧಿಗೆ ಬದಲಲ್ಲ, ನಿಜ. ಆದರೆ ಒಬ್ಬರೇ ಕೂತು ನಗುವುದು ತೀರಾ ಕಡಿಮೆ. ಜನ ಸೇರಿದಲ್ಲೇ ನಗು ಹುಟ್ಟುವುದು.

ಇದಕ್ಕೆ ಹೊಸ ಕ್ಲಬ್ಬೇನೂ ಬೇಡ. ಯಕ್ಷಗಾನದಲ್ಲಿ ಹಾಸ್ಯಗಾರ ರಂಗಕ್ಕೆ ಬಂದೊಡನೆ, ಮೊಣಕಾಲು ನೀವಿಕೊಳ್ಳುತ್ತಿದ್ದ ಅಜ್ಜಂದಿರು ಬೈರಾಸಿನಲ್ಲಿ ಕಣ್ಣೊರೆಸಿಕೊಂಡು ನಗುವುದನ್ನು ಕಂಡಿದ್ದೇನೆ. ಆದರೆ ರಾತ್ರಿಯಿಡೀ ಕೂರಲು ಅವರಿಂದಾಗದು. ನಮ್ಮ ಗ್ರಂಥಾಲಯಗಳು, ಯುವಕ ಸಂಘಗಳು ತಿಂಗಳಿಗೊಮ್ಮೆ ಸಂಜೆ ಹೊತ್ತು ಒಂದೆರಡು ಗಂಟೆಯ ಹಾಸ್ಯಪ್ರಧಾನ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಇಟ್ಟುಕೊಳ್ಳಲಿ. ನಡೆಯಲಾಗದವರನ್ನು ರಿಕ್ಷಾದಲ್ಲಿ ಕರೆತರುವ ಖರ್ಚನ್ನೂ ಸಂಘಟಕರೇ ವಹಿಸಿಕೊಳ್ಳಲಿ.

– ಓರ್ವ ಓದುಗ, ಬದಿಯಡ್ಕ